ಪೂರ್ತಿ ಕೂರದ ಪ್ಲಗ್

ಹೊಳೆಯ ದಡದ ಒಂದು ಆಶ್ರಮದಲ್ಲಿ ಮಾಸಿದ ತಾಳೆಗರಿಗಳ ಅಕ್ಷರ ಗುರುತಿಸಲು ಒಂದು ಕಂಪ್ಯೂಟರ್ ಇತ್ತು. ಅದರ ಹೊಣೆಯನ್ನು ಗುರುಮಾತೆ ವಿಮಲಾಂಬೆ ಶಿಷ್ಯ ತಿಪ್ಪೇಶನಿಗೆ ಒಪ್ಪಿಸಿದ್ದರು.

ಒಂದು ಬೆಳಿಗ್ಗೆ ಅದು ತಟ್ಟನೆ ನಿಂತುಹೋಯಿತು. ಕೋಣೆಯ ತುಂಬ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ.

ತಿಪ್ಪೇಶ ಒಂದು ಕೇಬಲ್ ಹಿಡಿದು ಗುರುಗಳ ಮುಂದೆ ನಿಂತ. ಅಕ್ಷರ ಗುರುತಿಸುವ ಲೆಕ್ಕವನ್ನೆಲ್ಲ ಮಾಡುವ ಗ್ರಾಫಿಕ್ಸ್ ಕಾರ್ಡಿಗೆ ವಿದ್ಯುತ್ ಒಯ್ಯುವ ಅದರ ಪ್ಲಗ್ ಒಂದು ಮೂಲೆಯಲ್ಲಿ ಕರಗಿತ್ತು.

"ಕಾರ್ಡು?"

"ಉಳಿದಿದೆ ಅಮ್ಮಾ. ಅದು ಕೇಳೋದು ನಾನೂರೈವತ್ತು ವಾಟ್. ಪವರ್ ಸಪ್ಲೈ ಸಾವಿರ ವಾಟ್ ಕೊಡುತ್ತೆ. ಕೊರತೆ ಇರಲಿಲ್ಲ."

"ಮತ್ತೆ?"

"ಪ್ಲಗ್ ಪೂರ್ತಿ ಒಳಗೆ ಹೋಗಿರಲಿಲ್ಲ. ಒಂದು ಅಕ್ಕಿಕಾಳಿನಷ್ಟು ಹೊರಗಿತ್ತು. ಅಲ್ಲೇ ಕಾದು ಕರಗಿದೆ."

"ಯಾಕೆ ಒತ್ತಲಿಲ್ಲ?"

"ಅಷ್ಟು ಬೆಲೆಯ ಕಾರ್ಡು. ಮುರಿದುಬಿಟ್ಟರೆ ಅಂತ ಮೆಲ್ಲಗೆ ಒತ್ತಿ ಬಿಟ್ಟೆ."

ಅವನು ತಲೆ ತಗ್ಗಿಸಿದ. "ಇನ್ನೊಂದೇ ಕೇಬಲ್ ಇದೆ. ಈ ಸಲ ತಪ್ಪಿದರೆ ಕಾರ್ಡೂ ಹೋಗಬಹುದು. ಈ ಕೆಲಸ ಬೇರೆಯವರಿಗೆ ಕೊಡಿ ಅಮ್ಮಾ. ನಾನು ಅಡುಗೆಮನೆಗೆ ಹೋಗ್ತೀನಿ."

"ಅಡುಗೆಯವರು ಏನು ಪಾಪ ಮಾಡಿದ್ದಾರೆ?" ಎಂದರು ವಿಮಲಾಂಬೆ. "ಬಾ, ಹೊಳೆ ದಾಟಬೇಕು. ಕೈ ಕೊಡು."

ಬಂಡೆಯಿಂದ ಬಂಡೆಗೆ ಹೆಜ್ಜೆಯಿಡುತ್ತ ಹೊರಟರು. ತಿಪ್ಪೇಶ ಭಕ್ತಿಯಿಂದ ಅವರ ಬೆರಳ ತುದಿಯನ್ನಷ್ಟೇ ಹಿಡಿದಿದ್ದ.

ಎರಡನೆಯ ಬಂಡೆಯಲ್ಲಿ ಅವರ ಕಾಲು ಜಾರಿತು. ಬೆರಳು ಅವನ ಕೈತಪ್ಪಿತು. ಗುರುಗಳು ಮೊಣಕಾಲುದ್ದ ನೀರಿನಲ್ಲಿ ನಿಂತರು.

"ಬಿಗಿಯಾಗಿ ಹಿಡಿದರೆ ನಿಮಗೆ ನೋವಾಗುತ್ತೇನೋ ಅಂತ..."

"ನಿನ್ನ ಭಕ್ತಿಯಲ್ಲಿ ನನ್ನ ಸೀರೆ ನೆನೆಯಿತು. ನಡಿ, ಸೆಳವು ಇರೋದು ಮುಂದೆ."

ನಡುಹೊಳೆಯಲ್ಲಿ ಅವರು ಮತ್ತೆ ವಾಲಿದರು. ಈ ಸಲ ತಿಪ್ಪೇಶ ಏನನ್ನೂ ಯೋಚಿಸಲಿಲ್ಲ. ಅವರ ಮಣಿಕಟ್ಟನ್ನು ಹಿಡಿದವನು ಆಚೆ ದಡ ಮುಟ್ಟುವವರೆಗೂ ಬಿಡಲಿಲ್ಲ.

"ಇಲ್ಲಿ ಏನು ಕೆಲಸವಿತ್ತು ಅಮ್ಮಾ?"

"ಆಯಿತಲ್ಲ. ಹಿಂದಿರುಗೋಣ."

ಕೋಣೆಗೆ ಬಂದ ತಿಪ್ಪೇಶ ಉಳಿದಿದ್ದ ಒಂದು ಕೇಬಲ್ ಹಿಡಿದು ಕಾರ್ಡಿನ ಮುಂದೆ ಕುಳಿತ. ಪ್ಲಗ್ಗನ್ನು ಅದರ ಬಾಯಿಗೆ ಹಚ್ಚಿ, ಪಕ್ಕದಲ್ಲಿ ನಿಂತ ಗುರುಗಳತ್ತ ನೋಡಿದ.

"ಅಮ್ಮಾ, ಎಷ್ಟು ಒತ್ತಲಿ?"

ಗುರುಗಳು ಒದ್ದೆ ಸೆರಗು ಸರಿಸಿ ಕೈ ಚಾಚಿದರು. ಮಣಿಕಟ್ಟಿನ ಮೇಲೆ ಅವನ ನಾಲ್ಕು ಬೆರಳು ಕೆಂಪಗೆ ಮೂಡಿದ್ದವು.

"ಇಷ್ಟು, ಮಗು."