ತೆರೆಯ ಹಿಂದೆ ಓಡುವ ಹಕ್ಕಿ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲವದು. ಗುಡ್ಡಕ್ಕೆ ತಾನು ಎಷ್ಟೆತ್ತರ ಬೆಳೆಯಬೇಕೆಂದು ಗೊತ್ತಿರಲಿಲ್ಲ. ಹೊಳೆಗೆ ಯಾವ ಕಡೆ ತಿರುಗಬೇಕೆಂದು ಗೊತ್ತಿರಲಿಲ್ಲ. ಇನ್ನು ಕಡಲಿನ ಪಾಡಂತೂ ಕೇಳುವುದೇ ಬೇಡ. ಎಲ್ಲಿ ನಿಲ್ಲಬೇಕೆಂಬುದೇ ತಿಳಿಯದೆ ಬೆಳಿಗ್ಗೆ ಮುಂದೆ ಬರುತ್ತಿತ್ತು, ಮಧ್ಯಾಹ್ನ ಹಿಂದೆ ಹೋಗುತ್ತಿತ್ತು.

ಅಂಥದರಲ್ಲಿ ಒಂದು ವರ್ಷ, ಮಳೆಗಾಲ ಮುಗಿದು ಬಿಸಿಲು ಬಿದ್ದ ಮೇಲೆ, ಬಡಗಣ ಗಾಳಿಯ ಬೆನ್ನೇರಿ ಒಂದು ಪುಟ್ಟ ಹಕ್ಕಿ ಅಳಿವೆಗೆ ಬಂದಿಳಿಯಿತು. ಹೊಳೆ ಕಡಲನ್ನು ಸೇರುವ ಜಾಗವೇ ಅಳಿವೆ. ಹಕ್ಕಿಯ ಬೆನ್ನು ಬೂದು, ಹೊಟ್ಟೆ ಬಿಳಿ, ಕಾಲು ಕಡ್ಡಿಯಷ್ಟು ತೆಳ್ಳಗೆ. ಹೆಸರು ಚಿಟುಕಿ. ಅವಳ ಹೊಟ್ಟೆಯಲ್ಲಿ ಮೊದಲ ಮೊಟ್ಟೆಯಿತ್ತು. ಇಂದೋ ನಾಳೆಯೋ ಇಡಲೇಬೇಕು. ಆದರೆ ಎಲ್ಲಿ ಇಡುವುದು?

“ಕಡಲಣ್ಣಾ, ನಿನ್ನ ಗಡಿ ಎಲ್ಲಿ?” ಎಂದು ಕೇಳಿದಳು.

“ಗಡಿಯಾ? ಹಾಗಂದರೇನು?” ಎಂದಿತು ಕಡಲು.

ಏಡಿಯನ್ನು ಕೇಳಿದಳು. “ನನ್ನ ಬಿಲ ಇರುವ ತನಕ ನೆಲ. ಬೆಳಿಗ್ಗೆ ಬಿಲ ಇತ್ತು, ಈಗ ಇಲ್ಲ. ನಾಳೆ ಬಾ, ನೋಡಿ ಹೇಳುತ್ತೇನೆ” ಎಂದು ಏಡಿ ಅಡ್ಡಡ್ಡ ಹೊರಟೇಹೋಯಿತು.

ಹೊಳೆಯನ್ನು ಕೇಳಿದಳು. “ನಾನು ಎಲ್ಲಿ ಮುಗಿದೆ, ಕಡಲು ಎಲ್ಲಿ ಶುರುವಾಯಿತು ಅನ್ನುವುದೇ ನನಗೆ ಗೊತ್ತಿಲ್ಲ. ನನ್ನನ್ನು ಕೇಳುತ್ತೀಯಲ್ಲ!” ಎಂದಿತು ಹೊಳೆ.

ಚಿಟುಕಿಯ ತಲೆ ಗಿರ್ರೆಂದಿತು. ಒಬ್ಬೊಬ್ಬರದು ಒಂದೊಂದು ಮಾತು. ಅವಳಿಗೆ ಅಳುವೇ ಬಂತು.

ಅಷ್ಟರಲ್ಲಿ ಸೋಮಕ್ಕ ಎಂಬ ಹೆಂಗಸು ಕಂಡಳು. ಸೀರೆ ಎತ್ತಿ ಕಟ್ಟಿಕೊಂಡು, ಕೆಸರಿನಲ್ಲಿ ಕೈಯಾಡಿಸಿ ಬಳಚು ಹೆಕ್ಕುತ್ತಿದ್ದಳು. ಬಳಚು ಅಂದರೆ ಕೆಸರೊಳಗೆ ಬಾಯಿ ಬಿಗಿಹಿಡಿದು ಕೂರುವ ಚಿಪ್ಪಿ. ನೀರು ಇಳಿದಾಗ ಮಾತ್ರ ಕೈಗೆ ಸಿಗುತ್ತದೆ. ಅವಳ ಬುಟ್ಟಿಯ ಪಕ್ಕ, ಸರಿಯಾಗಿ ನೀರಿನ ಅಂಚಿಗೆ, ಒಂದು ಕೋಲು ನೆಟ್ಟಿತ್ತು.

“ಅಮ್ಮಾ, ಕಡಲು ಎಲ್ಲಿಗೆ ನಿಲ್ಲುತ್ತದೆ?”

ಸೋಮಕ್ಕ ಬಗ್ಗಿದ ತಲೆ ಎತ್ತಲಿಲ್ಲ. “ಅಲ್ಲೇ ಕೋಲಿನ ಬುಡಕ್ಕೆ ಉಂಟಲ್ಲೇ ತಂಗಿ, ಕಾಣುದಿಲ್ವಾ?”

ಚಿಟುಕಿಗೆ ಹೋದ ಜೀವ ಬಂದ ಹಾಗಾಯಿತು. ಜನ ಗದ್ದೆಯ ಅಂಚಿಗೆ ಕೋಲು ನೆಟ್ಟು, ‘ಆಚೆಯದು ನಿನ್ನದು, ಈಚೆಯದು ನನ್ನದು’ ಅನ್ನುವುದನ್ನು ಅವಳು ಹಾರಿ ಬರುವಾಗ ದಾರಿಯುದ್ದ ನೋಡಿದ್ದಳು. ಹಾಗಾದರೆ ಕಡಲಿನ ಗಡಿ ಇದೇ! ಕೋಲಿನಿಂದ ಈಚೆಗೆ ಆರು ಹೆಜ್ಜೆ ನಡೆದು, ಎದೆಯಿಂದ ಮರಳನ್ನು ಒತ್ತಿ ಗುಳಿ ಮಾಡಿ, ಚುಕ್ಕಿ ಚುಕ್ಕಿಯ ಮೊಟ್ಟೆಯೊಂದನ್ನು ಇಟ್ಟಳು. ಎಷ್ಟು ಚಂದದ ಮೊಟ್ಟೆ! ಸುತ್ತ ಮೂರು ಸಲ ನಡೆದು ನೋಡಿದಳು. ಆಮೇಲೆ ಹಸಿವು ತಾಳದೆ ಹುಳ ಹುಡುಕಲು ಹೋದಳು.

ತಿರುಗಿ ಬಂದು ನೋಡಿದರೆ ಕೋಲು ನೀರಿನ ನಡುವೆ ನಿಂತಿದೆ!

ಕೋಲೇ ಕಡಲೊಳಗೆ ನಡೆದುಹೋಯಿತೋ? ತಾನೇ ಬೇರೆ ಜಾಗಕ್ಕೆ ಬಂದೆನೋ? ಚಿಟುಕಿ ಆ ಕಡೆ ಓಡಿದಳು, ಈ ಕಡೆ ಓಡಿದಳು. ಗುಳಿಯೂ ಇಲ್ಲ, ಮೊಟ್ಟೆಯೂ ಇಲ್ಲ.

ದಡದ ಮೇಲೆ ಬುಟ್ಟಿ ಹೊತ್ತು ನಿಂತಿದ್ದ ಸೋಮಕ್ಕನಿಗೆ ಅವಳ ಕೂಗು ಕೇಳಿತು. ವಿಷಯ ತಿಳಿದದ್ದೇ ಬುಟ್ಟಿ ಕೆಳಗಿಟ್ಟು ತಲೆ ಚಚ್ಚಿಕೊಂಡಳು. “ಅಯ್ಯೋ ನನ್ನ ಕರ್ಮವೇ! ಅದು ಗಡಿ ಅಲ್ವೇ ತಂಗಿ! ಭರತದ ನೀರು ಬಂತಾ ನೋಡುಕೆ ನೆಟ್ಟದ್ದು. ನೀರು ಏರಿ ಕೋಲು ದಾಟಿದ್ರೆ ನಾವು ಬುಟ್ಟಿ ಎತ್ಕಂಡು ಮನೆಗೆ ಹೋಗುದು. ನೀ ಎಂತಕ್ಕೆ ಕೇಳ್ತೆ ಅಂತ ನಾ ಒಂದ್ಸಲ ಮುಖ ಎತ್ತಿ ನೋಡ್ಲೇ ಇಲ್ಲ.”

ಸೋಮಕ್ಕ ಮತ್ತೆ ನೀರಿಗಿಳಿದು ತಡಕಾಡಿದಳು. ಸಿಕ್ಕಿದ್ದೆಲ್ಲ ಬಳಚೇ.

ಚಿಟುಕಿ ತೆರೆಯನ್ನೇ ಕೇಳಿದಳು. “ನನ್ನ ಮೊಟ್ಟೆ ನೀನು ಒಯ್ದೆಯಾ?”

“ನಾನಲ್ಲಪ್ಪ, ಈಗಷ್ಟೇ ಬಂದೆ. ಅಗೋ, ಹಿಂದೆ ಸರಿಯುತ್ತಿದ್ದಾಳಲ್ಲ, ಅವಳನ್ನು ಕೇಳು.”

ಚಿಟುಕಿ ಹಿಂದೆ ಸರಿಯುವ ತೆರೆಯ ಬೆನ್ನಿಗೆ ಓಡಿದಳು. “ನೀನು ಒಯ್ದೆಯಾ?”

“ನಾನಲ್ಲ. ಅಗೋ, ಹೊಸಬಳು ಬರುತ್ತಿದ್ದಾಳಲ್ಲ, ಅವಳನ್ನು ಕೇಳು.”

ಹೊಸ ತೆರೆ ಬುಸುಗುಡುತ್ತಾ ಬಂತು. ಮುಳುಗಬಾರದೆಂದು ಚಿಟುಕಿ ದಡಕ್ಕೆ ಓಡಿದಳು. ತೆರೆಗಳು ಸುಳ್ಳು ಹೇಳಿದವೋ, ಅವಕ್ಕೆ ನಿಜಕ್ಕೂ ಗೊತ್ತಿರಲಿಲ್ಲವೋ, ಯಾರಿಗೆ ಗೊತ್ತು? ಕೇಳಿ ಕೇಳಿ, ಓಡಿ ಓಡಿ, ಚಳಿಗಾಲವೇ ಕಳೆದುಹೋಯಿತು.

ಸೆಕೆ ಶುರುವಾದಾಗ ಗಾಳಿಗೆ ಕನಿಕರ ಬಂತು. “ಬಾ ಮಗಳೇ, ಬಡಗಣ ನಾಡಿಗೆ ಹೋಗೋಣ. ಅಲ್ಲಿ ನೆಲ ಇಟ್ಟಲ್ಲೇ ಇರುತ್ತದೆ” ಎಂದು ಕರೆದೊಯ್ದಿತು. ಅಲ್ಲಿ ಚಿಟುಕಿ ನಾಲ್ಕು ಮೊಟ್ಟೆ ಇಟ್ಟಳು. ನಾಲ್ಕೂ ಮರಿಯಾದವು. ಆದರೂ ಮೊದಲನೆಯದು ಮೊದಲನೆಯದೇ ಅಲ್ಲವೇ? ಮಳೆಗಾಲ ಮುಗಿದದ್ದೇ ತಡ, ಮರಿಗಳನ್ನು ಕಟ್ಟಿಕೊಂಡು ಮತ್ತೆ ಅಳಿವೆಗೆ ಬಂದಳು. ಮರುವರ್ಷವೂ ಬಂದಳು. ಅದರ ಮರುವರ್ಷವೂ.

ದಸರಾ ರಜೆಯಲ್ಲಿ ಅಳಿವೆಯ ಪಕ್ಷಿಧಾಮಕ್ಕೆ ಹೋದಾಗ ದುರ್ಬೀನು ಹಿಡಿದು ನೋಡು ಪುಟ್ಟಿ. ತೆರೆ ಹಿಂದೆ ಸರಿದರೆ ಅದರ ಬೆನ್ನಿಗೆ ಓಡುತ್ತಾ, ಮುಂದೆ ಬಂದರೆ ದಡಕ್ಕೆ ಓಡುತ್ತಾ ಇರುವ ಆ ಪುಟ್ಟ ಬೂದು ಹಕ್ಕಿಗಳೆಲ್ಲ ಚಿಟುಕಿಯ ಮರಿಮಕ್ಕಳ ಮರಿಮಕ್ಕಳು. ಕಳೆದುಹೋದದ್ದು ಏನೆಂದು ಅವಕ್ಕೆ ಯಾರೂ ಹೇಳಿಲ್ಲ, ಅಮ್ಮ ಓಡುತ್ತಿದ್ದಳೆಂದು ಅವೂ ಓಡುತ್ತಿವೆ.