ನೋವಿಲ್ಲದೆ ಹೋದ ಎಂದು ಬರೆದವನು

“ಗುರುಗಳೇ, ನೊಂದವರನ್ನು ಸಂತೈಸಲು ಆಡಿದ ಸುಳ್ಳೂ ತಪ್ಪೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಜರ್ಮನಿಯಲ್ಲಿ ಒಬ್ಬ ಸೇನಾಧಿಕಾರಿಯಿದ್ದ. ಕುದುರೆ ಪಡೆಯಲ್ಲಿದ್ದವನು ವಿಮಾನ ಹಾರಿಸಲು ಕಲಿತ. ಮೊದಲ ಮಹಾಯುದ್ಧದಲ್ಲಿ ಒಂದು ವಿಮಾನ ತುಕಡಿಯ ಮುಖ್ಯಸ್ಥನಾದ. ಆಗಿನ ವಿಮಾನವೆಂದರೆ ಮರದ ಚೌಕಟ್ಟಿಗೆ ಬಟ್ಟೆ ಬಿಗಿದದ್ದು. ಬೆಂಕಿ ತಗುಲಿದರೆ ಮುಗಿಯಿತು.

ಸತ್ತವರ ಮನೆಗೆ ಕಾಗದ ಬರೆಯುವ ಕೆಲಸವೂ ಮುಖ್ಯಸ್ಥನದೇ. ಮೊದಲ ಕಾಗದಕ್ಕೆ ಅವನು ಇಡೀ ಮಧ್ಯಾಹ್ನ ಕೂತ. ಕೊನೆಗೆ, ನಿಮ್ಮ ಮಗ ನೋವಿಲ್ಲದೆ ಕ್ಷಣಮಾತ್ರದಲ್ಲಿ ಹೋದ ಎಂದು ಬರೆದ. ಅದು ನಿಜವಾಗಿರಲಿಲ್ಲ. ಆದರೆ ತಾಯಿಯೊಬ್ಬಳು ಓದಿ ತಾಳಿಕೊಳ್ಳಬಹುದಾದ ಮಾತು ಅದೊಂದೇ ಎಂದು ಅವನಿಗೆ ತೋರಿತು. ಯುದ್ಧ ಮುಗಿಯುವಷ್ಟರಲ್ಲಿ ಅದೇ ಮಾತು ಇಪ್ಪತ್ತಾರು ಮನೆಗಳಿಗೆ ಹೋಗಿತ್ತು.

ಜರ್ಮನಿ ಸೋತಿತು. ಗೆದ್ದವರು ಅದರ ವಿಮಾನದಳವನ್ನು ಮುಚ್ಚಿಸಿದರು. ರೆಕ್ಕೆಗಳ ರಿಪೇರಿ ನೋಡುತ್ತ ನೋಡುತ್ತ ಅವನಿಗೆ ಮರಗೆಲಸ ಕೈಗೆ ಹತ್ತಿತ್ತು. ಸಣ್ಣದೊಂದು ಊರು ಸೇರಿ ಕುರ್ಚಿ ಮೇಜು ಮಾಡಿಕೊಂಡು ಬದುಕಿದ.

ಹತ್ತು ವರ್ಷ ಕಳೆದ ಮೇಲೆ ಒಬ್ಬ ಹೆಂಗಸು ಅವನನ್ನು ಹುಡುಕಿಕೊಂಡು ಬಂದಳು. ಅವನ ತುಕಡಿಯಲ್ಲಿದ್ದ ಎಮಿಲ್ ಎಂಬವನ ತಾಯಿ. ಅದೇ ತುಕಡಿಯಲ್ಲಿ ಮಗನನ್ನು ಕಳೆದುಕೊಂಡ ಇನ್ನೊಬ್ಬ ತಾಯಿ ರೈಲಿನಲ್ಲಿ ಸಿಕ್ಕಿದ್ದಳಂತೆ. ಅವಳಿಗೆ ಬಂದ ಕಾಗದದಲ್ಲೂ ಅದೇ ಮಾತು ಇತ್ತಂತೆ. ಈಗ ತನಗೆ ನಿಜ ಬೇಕು ಎಂದಳು.

ಅವನು ಮಾತು ತೇಲಿಸಲು ನೋಡಿದ. ಆಕೆ ಕದಲಲಿಲ್ಲ. ಆಗ ಹೇಳಿದ. ಎಮಿಲ್‌ನ ವಿಮಾನ ಬಿದ್ದದ್ದು ಬೆಳಿಗ್ಗೆ, ಅವನು ಸತ್ತದ್ದು ಸಂಜೆ. ಮೈಯೆಲ್ಲ ಸುಟ್ಟು ಬಹಳ ನೋವಿತ್ತು. ನಾನು ಚಮಚದಲ್ಲಿ ನೀರು ಕುಡಿಸುತ್ತಿದ್ದೆ. ಅವನು ಅಮ್ಮ ಹೇಳುತ್ತಿದ್ದ ಹಾಡೊಂದನ್ನು ನೆನೆದು ಎರಡನೆಯ ಸಾಲು ಮರೆತೆನೆಂದು ಒದ್ದಾಡಿದ. ನನಗೂ ಅದು ಗೊತ್ತಿರಲಿಲ್ಲ. ಮೊದಲ ಸಾಲನ್ನೇ ಇಬ್ಬರೂ ಮತ್ತೆ ಮತ್ತೆ ಹೇಳಿದೆವು.

ಆಕೆ ಬಹಳ ಹೊತ್ತು ಅತ್ತಳು. ಆಮೇಲೆ ಕೇಳಿದಳು:

“ಕೊನೆಯವರೆಗೂ ನೀವು ಅವನ ಜೊತೆ ಇದ್ದಿರಾ?”

“ಇದ್ದೆ, ತಾಯಿ. ಅವನ ತಲೆ ನನ್ನ ತೊಡೆಯ ಮೇಲಿತ್ತು.”

“ಅದನ್ನೇಕೆ ಬರೆಯಲಿಲ್ಲ? ಇಷ್ಟು ವರ್ಷ ನನ್ನ ಮಗ ಒಬ್ಬನೇ ಸತ್ತ ಎಂದುಕೊಂಡಿದ್ದೆ.”

ಹೊರಡುವ ಮೊದಲು ಆಕೆ ಅವನಿಗೆ ಆ ಎರಡನೆಯ ಸಾಲನ್ನು ಹೇಳಿಕೊಟ್ಟಳು.

ಮುಂದಿನ ವಾರ ಅವನು ಅಂಗಡಿಗೆ ಬೀಗ ಹಾಕಿ ಹೊರಟ. ಆಮೇಲೂ ಬಿಡುವಾದಾಗಲೆಲ್ಲ, ನಡೆದದ್ದನ್ನು ಹೇಳಲು, ತಾನು ಕಾಗದ ಬರೆದಿದ್ದ ಒಂದೊಂದು ಮನೆಗೆ ಹೋದ. ಒಬ್ಬ ತಂದೆ ಬಾಗಿಲು ಹಾಕಿಕೊಂಡ. ಒಂದು ಮನೆಯವರು ಮೂರು ದಿನ ಕಳಿಸಲೇ ಇಲ್ಲ. ಮುದುಕಿಯೊಬ್ಬಳು ತನಗೆ ಏನೂ ಕೇಳುವ ಶಕ್ತಿಯಿಲ್ಲ ಎಂದಳು. ಅಲ್ಲಿ ಅವನು ಏನೂ ಹೇಳದೆ, ಅವಳ ಅಲುಗಾಡುವ ಮೇಜಿನ ಕಾಲು ಸರಿಮಾಡಿಕೊಟ್ಟು ಬಂದ. ಹೀಗೆ ವರ್ಷಗಳು ಹೋದವು. ದೇಶ ಹೊಸ ವಿಮಾನದಳ ಕಟ್ಟತೊಡಗಿದಾಗ ಅವನಿಗೆ ದೊಡ್ಡ ಹುದ್ದೆಯ ಕರೆ ಬಂತು. ಇನ್ನೂ ನಾಲ್ಕು ಮನೆಗಳಿಗೆ ಹೋಗುವುದಿದೆ, ಬರಲಾರೆ ಎಂದು ಬರೆದು ಕಳಿಸಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ, “ಹಾಗಾದರೆ ಯಾವಾಗಲೂ ನಿಜವನ್ನೇ ಹೇಳಬೇಕೇ?”

“ಅದಿರಲಿ, ನೀನು ಯಾರಿಗೆ ಏನನ್ನು ಮುಚ್ಚಿಟ್ಟು ಇಲ್ಲಿಗೆ ಬಂದಿದ್ದೀಯೆ?” ಎಂದರು ಗುರುಗಳು.

ಶಿಷ್ಯ ತಲೆ ತಗ್ಗಿಸಿ ಕೂತ.