ಹೊಸ್ತಿಲಲ್ಲಿ ಕೊಡವಿದ ಅಂಗಿ

ಊರ ಹೊರಗೆ ಮನೆ ಹೊದಿಸುವ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಶೀಟಿನ ಕಾರ್ಖಾನೆಯೊಂದಿತ್ತು. ಫಕೀರಪ್ಪ ಅಲ್ಲಿ ಶೀಟು ಕೊಯ್ಯುತ್ತಿದ್ದ. ಪಾಳಿ ಮುಗಿಯುವ ಹೊತ್ತಿಗೆ ಅವನ ತಲೆ, ಮೀಸೆ, ಅಂಗಿ ಎಲ್ಲ ಬೆಳ್ಳಗಾಗಿರುತ್ತಿದ್ದವು.

ಗೇಟಿನ ಪಕ್ಕದಲ್ಲೇ ಬಚ್ಚಲುಮನೆ ಇತ್ತು. ಸ್ನಾನ ಮಾಡಿ, ಕೆಲಸದ ಬಟ್ಟೆ ಇಲ್ಲೇ ಬಿಟ್ಟು ಹೋಗಿ ಎಂಬ ಬೋರ್ಡೂ ಇತ್ತು. ಫಕೀರಪ್ಪ ಅತ್ತ ಸುಳಿಯುತ್ತಿರಲಿಲ್ಲ. ಅವನ ಓಣಿಯಲ್ಲಿ ಕಾಯಂ ನೌಕರಿ ಇದ್ದವನು ಅವನೊಬ್ಬನೇ. ಬಿಳಿ ಧೂಳಿನಲ್ಲಿ ಅವನು ಬಂದರೆ ಕಟ್ಟೆಯ ಮೇಲೆ ಕೂತವರು ಕಾಲು ಮಡಚಿ ದಾರಿ ಬಿಡುತ್ತಿದ್ದರು. ತೊಳೆದುಕೊಂಡು ಬಂದರೆ ಯಾರು ಗುರುತಿಸುತ್ತಾರೆ?

ಜೊತೆಗಾರ ಮೌಲಾಸಾಬ ಮಾತ್ರ ತಪ್ಪದೆ ಸ್ನಾನ ಮಾಡುತ್ತಿದ್ದ. ಫಕೀರಪ್ಪ ಅವನನ್ನು ಕೆಣಕುತ್ತಿದ್ದ.

"ಏನ್ ಮಾವಾ, ದಿನಾ ಮದುಮಗನಂಗ ಜಳಕಾ ಮಾಡ್ತಿ. ಮನ್ಯಾಗ ನೀರಿಲ್ಲೇನು?"

"ನೀರು ಐತಿ ಅಳಿಯಾ. ಮೊಮ್ಮಗಳೂ ಅದಾಳ. ಬಾಗಲಾಗ ನಿಂತಿರತಾಳ."

ಸುತ್ತಲಿನವರು ನಗುತ್ತಿದ್ದರು.

ಫಕೀರಪ್ಪನ ಮನೆಯಲ್ಲೂ ಮಗಳು ಶಾಂತವ್ವ ಓಡಿ ಬಂದು ಅವನ ಕಾಲು ತಬ್ಬುತ್ತಿದ್ದಳು. ಹೆಂಡತಿ ನೀಲವ್ವ ಅವನ ಅಂಗಿ ತೆಗೆದುಕೊಂಡು ಹೊಸ್ತಿಲಲ್ಲಿ ನಿಂತು ಕೊಡವುತ್ತಿದ್ದಳು. ಧೂಳು ಅವಳ ಮುಖದ ಸುತ್ತ ಎದ್ದು, ಸಂಜೆ ಬಿಸಿಲಿನಲ್ಲಿ ಮಿನುಗಿ, ಕಾಣದಾಗುತ್ತಿತ್ತು.

"ಅಲ್ಲೇ ತೊಳಕೊಂಡು ಬರಬಾರದೇನ್ರಿ?"

"ಇದು ದುಡಿದ ಮೈ. ನಾಚಿಕಿ ಯಾಕ?"

ಕಲ್ನಾರಿನ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು. ಎದೆಯೊಳಗೆ ಸೇರಿದರೆ ಕರಗುವುದಿಲ್ಲ. ಸುಮ್ಮನೆ ಕಾಯುತ್ತದೆ.

ಮಗಳು ಮದುವೆಯಾಗಿ ಹೋದಳು. ಫಕೀರಪ್ಪ ನಿವೃತ್ತನಾದ. ಎಷ್ಟೋ ವರ್ಷಗಳ ಮೇಲೆ ನೀಲವ್ವನಿಗೆ ಉಸಿರು ಸಿಗದಂತಾಯಿತು. ಎದೆಯಲ್ಲಿ ನೀರು ತುಂಬಿತ್ತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ವೈದ್ಯೆ ಇಬ್ಬರನ್ನೂ ಕೂರಿಸಿಕೊಂಡರು.

"ಇದು ಮೀಸೋಥೀಲಿಯೋಮಾ. ಶ್ವಾಸಕೋಶದ ಸುತ್ತಲಿನ ಪೊರೆಗೆ ಬರುವ ಕ್ಯಾನ್ಸರ್. ಹೆಚ್ಚಾಗಿ ಕಲ್ನಾರಿನ ಧೂಳಿನಿಂದ ಬರುತ್ತದೆ. ಅಮ್ಮಾ, ನೀವು ಕಾರ್ಖಾನೆಯಲ್ಲಿದ್ರಾ?"

"ಇಲ್ಲವ್ವಾ. ಅದರ ಗೇಟಿನೊಳಗ ಕಾಲಿಟ್ಟಾಕಿ ಅಲ್ಲ. ಇವರು ಇದ್ರು."

"ಹಾಗಾದರೆ ಧೂಳು ಮನೆಗೆ ಬರುತ್ತಿತ್ತಾ? ಬಂದಿದ್ದರೆ ಮನೆಯಲ್ಲಿ ಬೆಳೆದವರನ್ನೂ ನೋಡಬೇಕಾಗುತ್ತದೆ."

ನೀಲವ್ವ ಗಂಡನ ಮುಖ ನೋಡಿದಳು. ಏದುಸಿರಿನಲ್ಲೇ ಹೇಳಿದಳು:

"ಬರತಿರಲಿಲ್ಲವ್ವಾ. ಇವರು ಅಲ್ಲೇ ಜಳಕಾ ಮಾಡಿ ಬರತಿದ್ರು."

ಫಕೀರಪ್ಪ ನೆಲ ನೋಡಿದ. ಅವಳು ಅವನಿಗಾಗಿ ಸುಳ್ಳು ಹೇಳಿದ್ದಳು, ಅದೂ ಇದ್ದ ಅಷ್ಟಿಷ್ಟು ಉಸಿರು ಖರ್ಚು ಮಾಡಿ. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಕಾಲು ತಬ್ಬಿದ ಎರಡು ಪುಟ್ಟ ಕೈಗಳು ನೆನಪಾದವು.

"ಸುಳ್ಳು ಹೇಳತಾಳ್ರಿ," ಎಂದ. "ನಾ ಜಳಕಾ ಮಾಡತಿರಲಿಲ್ಲ. ಮಂದಿ ನೋಡಲಿ ಅಂತ ಹಂಗ ಬರತಿದ್ದೆ. ನನ್ನ ಅಂಗಿ ಇಕಿ ಕೊಡವತಿದ್ದಳು. ನಮಗೊಬ್ಬ ಮಗಳು ಅದಾಳ."

ಹೊರಗೆ ಬಂದ ಮೇಲೆ ನೀಲವ್ವ ಕೇಳಿದಳು, "ಡಾಕ್ಟರವ್ವನ ಮುಂದ ಯಾಕ ಹೇಳಿದ್ರಿ?"

ಅವನು ಅವಳ ಕಣ್ಣು ತಪ್ಪಿಸಿ ಕೈ ಹಿಡಿದುಕೊಂಡ.

ಶಾಂತವ್ವನನ್ನು ಕರೆಸಿ ತೋರಿಸಿದರು. ಸದ್ಯಕ್ಕೆ ಏನೂ ಇಲ್ಲ, ಆಗಾಗ ಬರುತ್ತಿರಲಿ ಎಂದರು ವೈದ್ಯೆ. ನೀಲವ್ವ ಮುಂದಿನ ಮಳೆಗಾಲ ನೋಡಲಿಲ್ಲ.

ಆಮೇಲೆ ಪಾಳಿ ಬಿಡುವ ಹೊತ್ತಿಗೆ ಫಕೀರಪ್ಪ ಗೇಟಿನ ಬಳಿ ನಿಲ್ಲತೊಡಗಿದ. ಬಿಳಿ ಮೈಯಲ್ಲಿ ಹೊರಟವನೊಬ್ಬನನ್ನು ತಡೆದು, ಜಳಕಾ ಮಾಡಿ ಹೋಗು ಎಂದ.

ಅವನು ನಕ್ಕ. "ನಾವೇನು ಮದುಮಕ್ಕಳೇನಜ್ಜಾ?"

"ನಾನೂ ಹಿಂಗ ನಗತಿದ್ದೆ. ಮನ್ಯಾಗ ನಿನ್ನ ಅಂಗಿ ಯಾರು ಕೊಡವತಾರ, ಹೇಳು."

ಅವನ ನಗು ನಿಂತಿತು. ಬಚ್ಚಲುಮನೆಯ ಕಡೆ ತಿರುಗಿದ.

ನೀತಿ: ನಮ್ಮ ಹೆಮ್ಮೆಯ ಧೂಳನ್ನು ನಮ್ಮವರು ಉಸಿರಾಡುತ್ತಾರೆ, ಅದನ್ನು ಹೊಸ್ತಿಲಾಚೆಯೇ ತೊಳೆದುಕೊಳ್ಳಬೇಕು. ತಪ್ಪಾಗಿದ್ದರೆ ನಾಚಿಕೆಯನ್ನು ನುಂಗಿ ನಿಜ ಹೇಳಬೇಕು. ಉಳಿದವರನ್ನಾದರೂ ಅದು ಕಾಯುತ್ತದೆ.